ಕೆರೆ ಹಕ್ಕಿ ಎಣಿಸುವುದು ಹೇಗೆ, ಆ ಲೆಕ್ಕ ಹಿಡಿದು ಕೇಳುವುದು ಹೇಗೆ

‘ನಮ್ಮ ಕೆರೆಯಲ್ಲಿ ಹಕ್ಕಿಗಳು ತುಂಬಾ ಇವೆ, ಉಳಿಸಿಕೊಡಿ’ ಎಂದು ಅರ್ಜಿ ಬರೆದರೆ ಕಡತ ಕದಲುವುದು ಕಷ್ಟ. ಯಾವ ಹಕ್ಕಿ, ಎಷ್ಟು, ಯಾವ ದಿನ, ಕೆರೆಯ ಯಾವ ಮೂಲೆ ಎಂದು ಬರೆದರೆ ಮಾತಿಗೆ ತೂಕ ಬರುತ್ತದೆ. ತುಮಕೂರು ಸೀಮೆಯ ಕೆರೆಗಳಲ್ಲಿ ವಲಸೆ ಬಾತುಗಳಿರುವ ಜನವರಿ ಎಣಿಕೆಗೆ ಒಳ್ಳೆಯ ಕಾಲ. 1987ರಲ್ಲಿ ಶುರುವಾದ ಏಷ್ಯಾ ನೀರುಹಕ್ಕಿ ಗಣತಿಯೂ ಅದೇ ತಿಂಗಳು ನಡೆಯುತ್ತದೆ.

ಹತ್ತು ಹನ್ನೆರಡು ಜನ ಸಾಕು. ಮೂವರ ಗುಂಪು ಮಾಡಿ: ಒಬ್ಬರು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನ) ದುರ್ಬೀನಿನಲ್ಲಿ ನೋಡಿ ಹೇಳಲಿ, ಒಬ್ಬರು ಬರೆಯಲಿ, ಇನ್ನೊಬ್ಬರು ಆಕಾಶ ನೋಡುತ್ತಿರಲಿ. ಇಬ್ಬನಿಗೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಇರಲಿ. ಬೆಳಗ್ಗೆ ಆರೂವರೆಗೆ ಕೆರೆಯ ಪೂರ್ವ ದಡದಲ್ಲಿ ನಿಂತರೆ ಸೂರ್ಯ ಹುಟ್ಟಿದ ಮೇಲೆ ಬಿಸಿಲು ಬೆನ್ನಿಗೆ ಬೀಳುತ್ತದೆ. ಎದುರು ಬಿಸಿಲಿನಲ್ಲಿ ವರಟೆ ಬಾತೂ ನಾಮದ ಕೋಳಿಯೂ ಒಂದೇ ಕಪ್ಪು ಚುಕ್ಕೆ.

ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲು ಹೋಗಬೇಡಿ. ಮೊದಲು ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೆ ಕೂರಿಸಿಕೊಳ್ಳಿ, ಆ ಅಳತೆಯಲ್ಲೇ ಹಿಂಡನ್ನು ಎಡದಿಂದ ಬಲಕ್ಕೆ ಅಳೆಯುತ್ತ ಹೋಗಿ. ಇಬ್ಬರ ಲೆಕ್ಕ ತೀರಾ ಬೇರೆ ಬಂದರೆ ಮತ್ತೆ ಎಣಿಸಿ. ಎಣಿಕೆ ಕೆಡುವುದು ಹೆಚ್ಚಾಗಿ ಹದ್ದೋ ಸೆಳೆವ ಎಂಬ ಬೇಟೆ ಹಕ್ಕಿಯೋ ಬಂದು ಹಿಂಡು ಎದ್ದಾಗ: ಇತ್ತ ಎಣಿಸಿದವೇ ಅತ್ತ ಕೂತು ಎರಡು ಸಲ ಲೆಕ್ಕಕ್ಕೆ ಸೇರುತ್ತವೆ. ಆಕಾಶ ನೋಡುವವರು ಹಾರಿದ ಹೊತ್ತು, ದಿಕ್ಕು, ಅಂದಾಜು ಸಂಖ್ಯೆ ಕೂಗಿ ಹೇಳದೆ ಪಿಸುಗುಟ್ಟಿ ಬರೆಸಬೇಕು. ‘ತುಂಬಾ’ ಎಂಬ ಪದ ಪುಸ್ತಕದಲ್ಲಿ ಇರಕೂಡದು, ಒರಟು ಅಂದಾಜಾದರೂ ಸರಿ, ಅಂಕಿಯೇ ಬೇಕು.

ಗೂಡಿರುವ ಕಡೆ ನಿಯಮವೇ ಬೇರೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ನೆತ್ತಿಯಲ್ಲೇ ಗೂಡು ಕಟ್ಟುತ್ತವೆ. ಬಿಸಿಲೇರಿದಾಗ ತಾಯಿಯೋ ತಂದೆಯೋ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳಾಗಿ ನಿಲ್ಲುವುದನ್ನು ನೋಡಿದವರಿಗೆ ದೂರ ನಿಲ್ಲಿ ಎಂದು ಹೇಳಬೇಕಾಗಿಲ್ಲ. ಆ ಹಕ್ಕಿ ಎದ್ದುಹೋದರೆ ಮರಿ ಬಿಸಿಲಿಗೆ ಬೇಯುತ್ತದೆ, ಮೊಟ್ಟೆ ಕಾಗೆಯ ಪಾಲಾಗುತ್ತದೆ. ಗೂಡಿನ ಹಕ್ಕಿ ಕತ್ತು ನೀಳ ಮಾಡಿ ನಿಮ್ಮತ್ತ ನೋಡಿತೆಂದರೆ ಹಿಂದೆ ಸರಿಯಿರಿ. ಡ್ರೋನ್, ಫ್ಲ್ಯಾಶ್, ಪಟಾಕಿ ಬೇಡವೇ ಬೇಡ. ಹುಣಸೆ ಬಡಿಯುವ ಕಾಲವೂ ಗೂಡಿನ ಕಾಲವೂ ಒಂದಕ್ಕೊಂದು ತಾಗುವುದರಿಂದ ಮರದ ಯಜಮಾನರಿಗೆ ನಷ್ಟವಿದೆ. ಅವರ ಜೊತೆ ಕೂತು ಮಾತಾಡದೆ ಮರದ ಕೆಳಗೆ ಬ್ಯಾನರ್ ಹಿಡಿಯುವುದು ತಪ್ಪು. ಹಣ್ಣಿನ ನಷ್ಟಕ್ಕೆ ಪರಿಹಾರವೇ ಮನವಿಯ ಮೊದಲ ಸಾಲಾಗಲಿ.

ಮನವಿಯನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಜೀವವೈವಿಧ್ಯದ ದಾಖಲಾತಿ ಅದರ ಕೆಲಸ. ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೆ. ಕೆರೆಯ ಸರ್ವೆ ನಂಬರ್, ಕೈನಕ್ಷೆ, ಎರಡು ವರ್ಷದ ಎಣಿಕೆ, ಆ ದಿನದ ನೀರಿನ ಮಟ್ಟದ ಚಿತ್ರ ಲಗತ್ತಿಸಿ. ಕೆರೆಯ ಬಗ್ಗೆ ಬೇಡಿಕೆ ಒಂದೇ ಇರಲಿ: ಮಣ್ಣು ತೆಗೆಯುವುದು ನಿಲ್ಲಲಿ, ಇಲ್ಲವೇ ಕೊಳಚೆ ಕಾಲುವೆ ತಿರುಗಲಿ. ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಎಣಿಕೆ ಪುಸ್ತಕಕ್ಕೇ ಅಂಟಿಸಿ, ಮುಂದಿನ ಜನವರಿಯ ತಾರೀಖನ್ನು ಅದರ ಕೆಳಗೆ ಬರೆದಿಡಿ.