ಸ್ವೆಟರ್ ಬಿಚ್ಚಿ, ಒಂದು ನಿಮಿಷ ಉಸಿರು ಎಣಿಸಿ

ಧನುರ್ಮಾಸದ ಒಂದು ಬೆಳಗ್ಗೆ ಮುಳಬಾಗಿಲು ಕಡೆಯ ಅಜ್ಜಿಯೊಬ್ಬರು ಐದು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಕೋಲಾರದಲ್ಲಿ ನಾನು ನರ್ಸ್ ಆಗಿದ್ದ ಮಕ್ಕಳ ವಾರ್ಡಿಗೆ ಬಂದರು. ಕುಲಾವಿ, ಎರಡು ಸ್ವೆಟರ್, ಮೇಲೊಂದು ಟವೆಲ್. "ನೆಗಡಿ ಅಷ್ಟೇ ಕಣಮ್ಮ, ಮೂರು ದಿನದಿಂದ ಎದೆ ಗೊರಗೊರ ಅಂತೈತೆ" ಅಂದರು. ಗುಂಡಿ ಬಿಚ್ಚಿ ನೋಡಿದರೆ, ಕೂಸು ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಎಣಿಸಿದೆ, ನಿಮಿಷಕ್ಕೆ 68. "ಬಟ್ಟೆ ಬಿಚ್ಚಿ ನೋಡಬೇಕಿತ್ತಾ ತಾಯಿ?" ಎಂದು ಅಜ್ಜಿ ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಹೌದು, ನೋಡಬೇಕು. ಹೇಗೆ ಅಂತ ಹೇಳುತ್ತೇನೆ.

ಎಣಿಸುವುದು ಹೀಗೆ

ಮಗು ಮಲಗಿದ್ದಾಗ ಅಥವಾ ಮಡಿಲಲ್ಲಿ ಸುಮ್ಮನಿದ್ದಾಗ ಎಣಿಸಿ. ಅಳುವಾಗ, ಹಾಲು ಕುಡಿಯುವಾಗ ಲೆಕ್ಕ ತಪ್ಪುತ್ತದೆ. ಜ್ವರ ಸುಡುತ್ತಿದ್ದರೂ ಉಸಿರು ಜೋರಾಗಿರುತ್ತದೆ, ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಬೆಳಕಿರುವ ಕಡೆ ಕೂತು ಅಂಗಿ ಮೇಲಕ್ಕೆ ಸರಿಸಿ, ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಡಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಎಳೆಗೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ.

ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳ ಒಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇದು. ಅವತ್ತೇ ಡಾಕ್ಟರಿಗೆ ತೋರಿಸಿ.

ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಉಸಿರು ಬಿಡುವಾಗ ನರಳಿದಂತೆ ಸದ್ದು ಬಂದರೆ, ತುಟಿ ನೀಲಿಗಟ್ಟಿದರೆ, ಹಾಲೇ ಕುಡಿಯದಿದ್ದರೆ, ಎಬ್ಬಿಸಿದರೂ ಕಣ್ಣು ಬಿಡದೆ ಸೋತು ಮಲಗಿದರೆ, ಫಿಟ್ಸ್ ಬಂದರೆ ಎಣಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಎರಡು ತಿಂಗಳೊಳಗಿನ ಕೂಸಿಗಂತೂ ಜ್ವರವೊಂದೇ ಸಾಕು, ಹೊರಡಿ. ದಿನ ತುಂಬುವ ಮೊದಲೇ ಹುಟ್ಟಿದವರಿಗೆ, ಹೃದಯದ ತೊಂದರೆ ಇರುವವರಿಗೆ ಅಪಾಯ ಇನ್ನೂ ಬೇಗ ಬರುತ್ತದೆ.

ಯಾವ ವೈರಸ್ ಎಂಬ ಪ್ರಶ್ನೆ

ವಾರ್ಡಿನಲ್ಲಿ ಎಲ್ಲರೂ ಕೇಳುವುದು ಇದನ್ನೇ. ಎಳೆಗೂಸುಗಳು ಉಸಿರು ಕಟ್ಟಿ ಅಡ್ಮಿಟ್ ಆಗುವುದಕ್ಕೆ ಮುಖ್ಯ ಕಾರಣ ಆರ್‌ಎಸ್‌ವಿ. 1956ರಲ್ಲಿ ನೆಗಡಿಯಾದ ಚಿಂಪಾಂಜಿಗಳಲ್ಲಿ ಮೊದಲು ಸಿಕ್ಕ ವೈರಸ್ ಇದು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ತಗಲುತ್ತದೆ. ದೊಡ್ಡವರಿಗೆ ಹೆಚ್ಚಾಗಿ ಬರೀ ನೆಗಡಿ. ಕೂಸಿನ ಶ್ವಾಸಕೋಶದೊಳಗಿನ ಕೊಳವೆಗಳು ತೀರಾ ಸಣ್ಣವು, ಕೊಂಚ ಊದಿಕೊಂಡು ಕಫ ತುಂಬಿದರೂ ಗಾಳಿಗೆ ದಾರಿ ಇರುವುದಿಲ್ಲ. ನೆಗಡಿ ಶುರುವಾಗಿ ಮೂರರಿಂದ ಐದನೇ ದಿನಕ್ಕೆ ಉಸಿರಾಟ ಹೆಚ್ಚು ಕಷ್ಟವಾಗುತ್ತದೆ. ಆ ಅಜ್ಜಿ ಬಂದದ್ದೂ ಮೂರನೇ ದಿನವೇ.

ನಾಯಿ ಬೊಗಳಿದಂಥ ಕೆಮ್ಮಿಗೆ ಹೆಚ್ಚಾಗಿ ಪ್ಯಾರಾಇನ್‌ಫ್ಲುಯೆಂಜಾ ಕಾರಣ. ರೈನೋ, ಅಡಿನೋ, ಫ್ಲೂ, ಕೋವಿಡ್ ವೈರಸ್‌ಗಳೂ ಇವೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಕಂಡಾಗ ಹೊಸ ರೋಗ ಬಂತೆಂದು ಜನ ಹೆದರಿದರು. 2001ರಲ್ಲೇ ನೆದರ್ಲೆಂಡ್ಸಿನಲ್ಲಿ ಗುರುತಾದ ವೈರಸ್ ಅದು. ಮೂಗಿನ ದ್ರವದ ಪಿಸಿಆರ್ ಪರೀಕ್ಷೆಯಲ್ಲಿ ಹೆಸರು ತಿಳಿಯುತ್ತದೆ, ಕೆಲವೊಮ್ಮೆ ಎರಡು ವೈರಸ್ ಒಟ್ಟಿಗೇ ಸಿಗುತ್ತವೆ. ಆದರೆ ಹೆಸರು ಯಾವುದಾದರೂ ಚಿಕಿತ್ಸೆ ಬಹುಮಟ್ಟಿಗೆ ಒಂದೇ: ಆಮ್ಲಜನಕ, ಮೂಗು ಸ್ವಚ್ಛ ಮಾಡುವುದು, ಕುಡಿಯಲಾಗದ ಕೂಸಿಗೆ ನಳಿಕೆಯಲ್ಲಿ ಹಾಲು. ಫ್ಲೂನಂಥ ಕೆಲವಕ್ಕೆ ಬೇರೆ ಔಷಧವಿದೆ. ವೈರಸ್ಸಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. "ಒಂದು ಇಂಜೆಕ್ಷನ್ನೂ ಕೊಡಲಿಲ್ಲ" ಎಂದು ಡಾಕ್ಟರ ಮೇಲೆ ಸಿಟ್ಟಾಗಬೇಡಿ. ಬ್ಯಾಕ್ಟೀರಿಯಾದ ನ್ಯುಮೋನಿಯಾ ಎಂಬ ಅನುಮಾನ ಬಂದರೆ ಅವರೇ ಕೊಡುತ್ತಾರೆ.

ಮನೆಯಲ್ಲಿ

ಉಸಿರು ಸರಿಯಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಹಾಲು ಕುಡಿಸುವ ಮುಂಚೆ ಮೂಗಿಗೆ ಸಲೈನ್ ಡ್ರಾಪ್ಸ್ ಎರಡು ಹನಿ ಬಿಟ್ಟು ಒರೆಸಿ. ಮೂಗು ಕಟ್ಟಿದ ಕೂಸು ಒಂದೇ ಸಲ ಹೊಟ್ಟೆ ತುಂಬ ಕುಡಿಯಲಾರದು, ಸ್ವಲ್ಪ ಸ್ವಲ್ಪವೇ ಕುಡಿಸಿ. ತಾಯಿಗೇ ನೆಗಡಿಯಿದ್ದರೂ ಎದೆಹಾಲು ನಿಲ್ಲಿಸಬಾರದು. ಕೈ ತೊಳೆದು ಮಾಸ್ಕ್ ಹಾಕಿಕೊಂಡರಾಯಿತು.

ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು ನಮ್ಮ ಕಡೆ ಪ್ರೀತಿಯಿಂದ ಮಾಡುವ ಕೆಲಸ. ನನ್ನ ಅಮ್ಮನೂ ಮಾಡಿದ್ದಾಳೆ. ಆದರೂ ಕೈಮುಗಿದು ಕೇಳುತ್ತೇನೆ, ಬೇಡ. ಊದಿಕೊಂಡ ಕೊಳವೆಗೆ ಆ ಹೊಗೆ ಇನ್ನಷ್ಟು ಉರಿ. ಮೂಗಿಗೆ ಎಣ್ಣೆ ಬಿಡುವುದಂತೂ ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಇಳಿದು ಬೇರೆಯೇ ನ್ಯುಮೋನಿಯಾ ತರುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪ ಕೂಡದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಬರೆಯಬಾರದು, ಮಾರಬಾರದು ಎಂದು ಕೇಂದ್ರ ಆರೋಗ್ಯ ಇಲಾಖೆಯೇ 2025ರ ಅಕ್ಟೋಬರಿನಲ್ಲಿ ಸೂಚಿಸಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ.

ಆಸ್ಪತ್ರೆಗೆ ಹೊರಟರೆ ಕೂಸನ್ನು ಎದೆಗೊರಗಿಸಿ ನೆಟ್ಟಗೆ ಹಿಡಿಯಿರಿ, ಮುಖಕ್ಕೆ ಟವೆಲ್ ಮುಚ್ಚಬೇಡಿ. ಎಷ್ಟು ಹೊತ್ತಿಗೆ ಎಣಿಸಿದಿರಿ, ಎಷ್ಟಿತ್ತು, ಕಡೇ ಸಲ ಉಚ್ಚೆ ಹೊಯ್ದದ್ದು ಯಾವಾಗ ಎಂದು ತಾಯಿ ಕಾರ್ಡಿನ ಹಿಂದೆ ಬರೆದಿಟ್ಟುಕೊಳ್ಳಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ಆ ಮೊಮ್ಮಗ ಆರನೇ ದಿನ ಮನೆಗೆ ಹೋದ. ಕೆಮ್ಮು ಇನ್ನೂ ಎರಡು ವಾರ ಇರಬಹುದು ಎಂದು ಹೇಳಿ ಕಳಿಸಿದೆವು. ಹೊರಡುವಾಗ ಅಜ್ಜಿ ಅವನ ಹೊಟ್ಟೆಯ ಮೇಲೆ ಕಣ್ಣಿಟ್ಟು, ತುಟಿಯಲ್ಲೇ ಎಣಿಸುತ್ತಿದ್ದರು.