ಕೆಟೆಕಾಲಮೈನ್ ಒಳಗೆ ಸಿಕ್ಕ ಕಾಚು

ಪುಣೆಯ ಒಂದು ಲ್ಯಾಬಿನಲ್ಲಿ ನಾನು ಟೆಕ್ನೀಷಿಯನ್. ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇದೆಯೇನೋ ಅನ್ನುವ ಅನುಮಾನ ಬಂದರೆ 24 ಗಂಟೆಯ ಮೂತ್ರ ಹಿಡಿಸಿ ಒಂದು ಪರೀಕ್ಷೆ ಮಾಡುತ್ತೇವೆ. ಆ ಕ್ಯಾನಿನ ಮೇಲೆ 'ಕೆಟೆಕಾಲಮೈನ್' ಅಂತ ಎಷ್ಟು ಸಲ ಬರೆದಿದ್ದೇನೋ! ಅಡ್ರಿನಲಿನ್, ಡೋಪಮೈನ್ ಅಂತ ನಮ್ಮ ದೇಹದಲ್ಲೇ ತಯಾರಾಗುವ ರಾಸಾಯನಿಕಗಳೆಲ್ಲ ಈ ಗುಂಪಿನವೇ.

ಶಿರಸಿಯಿಂದ ಬಂದಿದ್ದ ಆಯಿಗೆ ಒಂದು ಸಂಜೆ ಕವಳಕ್ಕೆ, ಅಂದರೆ ಎಲೆಯಡಿಕೆಗೆ, ಹಾಕಿಕೊಳ್ಳಲು ಕಾಚು ಇರಲಿಲ್ಲ. ಕೆಳಗಿನ ಪಾನ್ ಅಂಗಡಿಯಲ್ಲಿ 'ಕಾತ್' ಅಂತ ಕೇಳಿ ತಂದೆ. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ 'ಕ್ಯಾಟೆಚು' ಅಂತಿತ್ತು. ಅದರ ಮೊದಲ ಅಕ್ಷರಗಳಾದ catech ಅನ್ನು ಕ್ಯಾನಿನ ಮೇಲೆ ಬೆಳಿಗ್ಗೆಯಷ್ಟೇ ಬರೆದಿದ್ದೆನಲ್ವಾ!

ಮೊದಲು ದಾರಿ ತಪ್ಪಿದೆ. ಡಿಕ್ಷನರಿಯಲ್ಲಿ ಪಕ್ಕದಲ್ಲೇ ಕ್ರೈಸ್ತರ ಧರ್ಮಪಾಠ 'ಕ್ಯಾಟೆಕಿಸಂ' ಇತ್ತು. ಅದು ಗ್ರೀಕ್. ಇದೂ ಗ್ರೀಕೇ ಇರಬೇಕು ಅಂದುಕೊಂಡೆ. ಆದರೆ ಅರ್ಥ ಎಲ್ಲೂ ಕೂಡಲಿಲ್ಲ. ಆಮೇಲೆ ಪದ ಬಿಟ್ಟು ವಸ್ತುವಿನ ಬೆನ್ನು ಹತ್ತಿದೆ. ಆಗ ದಾರಿ ಸಲೀಸಾಯಿತು.

1839ರಲ್ಲಿ ರೈನ್ಶ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಕಾಚಿನ ಸಾರವನ್ನು ಕಾಯಿಸಿ, ಆವಿ ಇಳಿಸಿ, ಕೆಟೆಕಾಲ್ ಎಂಬ ರಾಸಾಯನಿಕ ಪಡೆದ. ಹೆಸರು ಕಾಚಿನಿಂದಲೇ ಬಂತು. ಅಡ್ರಿನಲಿನ್ನಿನ ಅಣುವಿನಲ್ಲೂ ಕೆಟೆಕಾಲ್‌ನಲ್ಲಿರುವ ಆಕಾರದ್ದೇ ಪರಮಾಣುಗಳ ಉಂಗುರ ಇರುವುದರಿಂದ ಆ ಹೆಸರು ನಮ್ಮ ರಕ್ತದವರೆಗೂ ಬಂದಿದೆ. ಕಾಚಿನಲ್ಲಿ ಅಡ್ರಿನಲಿನ್ ಇದೆ ಅಂತ ಮಾತ್ರ ತಿಳಿಯಬೇಡಿ.

ಅದಕ್ಕೂ ಹಿಂದೆ? ಯುರೋಪಿನವರು ಇದನ್ನು ಜಪಾನಿನ ಮಣ್ಣು ಅಂದುಕೊಂಡು 'ಟೆರ್ರಾ ಜಪೋನಿಕಾ' ಅಂತ ಕರೆದಿದ್ದರು. ಗೋವಾದಲ್ಲಿದ್ದ ವೈದ್ಯ ಗಾರ್ಸಿಯಾ ದ ಓರ್ಟಾಗೆ ಇದು ಮರದಿಂದ ಬರುವುದು ಗೊತ್ತಿತ್ತು. 1563ರಲ್ಲಿ ಗೋವಾದಲ್ಲೇ ಅಚ್ಚಾದ ಅವನ ಪುಸ್ತಕದಲ್ಲಿ 'ಕಾಟೆ' ಬಗ್ಗೆ ಒಂದು ಅಧ್ಯಾಯವೇ ಇದೆ. 'ಕ್ಯಾಟೆಚು' ರೂಪಕ್ಕೆ ಮಲಯ್ ಭಾಷೆಯ 'ಕಚು' ಮೂಲ ಅನ್ನುತ್ತವೆ ಡಿಕ್ಷನರಿಗಳು. ಜೊತೆಗೇ ಅದರ ದ್ರಾವಿಡ ನೆಂಟನನ್ನೂ ತೋರಿಸುತ್ತವೆ: ಕನ್ನಡದ ಕಾಚು. ಅದನ್ನು ಓದಿದಾಗ ಎಷ್ಟು ಖುಷಿಯಾಯಿತು ಅಂದರೆ, ಆ ಪುಟದ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ.

ತಮಿಳಿನಲ್ಲಿ 'ಕಾಯ್ಚು' ಅಂದರೆ ಕುದಿಸು. ನಮ್ಮಲ್ಲಿ ಕಾಸು, ಕಾಯಿಸು. ಖೈರದ ಮರದ ಕೆಂಪು ತಿರುಳನ್ನು ಚೂರು ಮಾಡಿ, ನೀರಲ್ಲಿ ಕುದಿಸಿ, ಗಟ್ಟಿಯಾಗುವವರೆಗೆ ಇಂಗಿಸಿದರೆ ಕಾಚು. ಹೆಸರು ಇಲ್ಲಿಂದಲೇ ಹುಟ್ಟಿದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಆಯಿಗೆ ಹೇಳಿದೆ. ಅವಳು ಕಂದು ಗಡ್ಡೆಯಿಂದ ಉಗುರಿನಷ್ಟು ಚೂರು ಮುರಿದು, ಸುಣ್ಣ ಹಚ್ಚಿದ ಎಲೆಯ ಮೇಲಿಡುತ್ತಾ, "ಕಾಸದೆ ಕಾಚು ಹೇಗಾಗ್ತದೆ?" ಅಂದಳು.

ಇನ್ನು 'ಅಮೈನ್' ಉಳಿದಿದೆ. ಅದು ಅಮೋನಿಯಾದಿಂದ ಬಂದದ್ದು. ಅಮೋನಿಯಾ ಈಜಿಪ್ಟಿನ ಅಮ್ಮೊನ್ ದೇವರ ಹೆಸರಿನಿಂದ. ಮುಂದಿನ ರಜೆಯಲ್ಲಿ ಆ ದಾರಿ ಹಿಡಿಯಬೇಕು.