ಸಂಬಳ ಬಂದ ದಿನವೇ ಒಂದು ಹಿಡಿ

ನನ್ನ ತವರು ತೀರ್ಥಹಳ್ಳಿ ಕಡೆ. ಅಮ್ಮ ದಿನಾ ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆದುಕೊಂಡು, ತೊಳೆಯುವ ಮೊದಲು ಅದರಿಂದಲೇ ಒಂದು ಹಿಡಿ ತೆಗೆದು ಮೂಲೆಯ ಮಣ್ಣಿನ ಗಡಿಗೆಗೆ ಹಾಕುತ್ತಿದ್ದಳು. ನೆಂಟರು ಬಂದ ದಿನವೂ ಹಾಕುತ್ತಿದ್ದಳು. ಮನೆಯಲ್ಲಿ ಅಕ್ಕಿ ಕಮ್ಮಿ ಇದ್ದ ದಿನವೂ ಹಾಕುತ್ತಿದ್ದಳು. ಊಟ ಆದ ಮೇಲೆ ಉಳಿದರೆ ಹಾಕೋಣ ಅಂತ ಕೂತಿದ್ದರೆ ಆ ಗಡಿಗೆ ಎಂದೂ ತುಂಬುತ್ತಿರಲಿಲ್ಲ. ಆಷಾಢದ ಮಳೆಯಲ್ಲಿ ಎಂಟು ದಿನ ಹೊರಗೆ ಕಾಲಿಡೋಕೆ ಆಗದಿದ್ದಾಗ ನಾವು ಉಂಡದ್ದು ಅದೇ ಅಕ್ಕಿಯನ್ನು.

ಮನೆ ಖರ್ಚು ತೂಗಿಸುವುದು ಹೇಗೆ, ವಯಸ್ಸಾದ ಕಾಲಕ್ಕೆ ಕೂಡಿಡುವುದು ಹೇಗೆ ಅಂತ ಯಾರು ಕೇಳಿದರೂ ನಾನು ಆ ಗಡಿಗೆಯಿಂದಲೇ ಶುರು ಮಾಡುತ್ತೇನೆ. ನಮ್ಮವರದು ಖಾಸಗಿ ಕಂಪನಿಯ ಕೆಲಸ, ಪಿಂಚಣಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಈಗ ಸರ್ಕಾರಿ ಕೆಲಸದವರದೂ ಹೆಚ್ಚುಕಮ್ಮಿ ಅದೇ ಕತೆ. 2006ರ ಏಪ್ರಿಲ್ 1ರ ನಂತರ ಸೇರಿದ ರಾಜ್ಯ ಸರ್ಕಾರಿ ನೌಕರರಲ್ಲಿ ಬಹುತೇಕರು ಎನ್‌ಪಿಎಸ್‌ನಲ್ಲಿದ್ದಾರೆ, ಅಂದರೆ ಸಂಬಳದಿಂದ ಪಾಲು ಹಿಡಿದು ಕೂಡಿಸುವ ಪಿಂಚಣಿ ವ್ಯವಸ್ಥೆಯಲ್ಲಿ. ಹಳೇ ಪಿಂಚಣಿ ಇಲ್ಲ. ಹಾಗಾಗಿ ನಿವೃತ್ತಿಯನ್ನೂ ಅಕ್ಕಿ, ಬೇಳೆ, ಕರೆಂಟ್ ಬಿಲ್ಲಿನ ಜೊತೆ ತಿಂಗಳ ಖರ್ಚಿನ ಪಟ್ಟಿಯಲ್ಲೇ ಬರೆದುಕೊಳ್ಳಬೇಕು. ಅದೂ ಮೊದಲ ಸಾಲಿನಲ್ಲಿ.

ಹೋದ ವರ್ಷ ನನ್ನ ತಂಗಿ ಮಗಳು ಬೆಂಗಳೂರಿಂದ ಬಂದಿದ್ದಳು. ವಯಸ್ಸು 36. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಕೈಗೆ ತಿಂಗಳಿಗೆ 1,35,000 ಬರುತ್ತದೆ. "ದೊಡ್ಡಮ್ಮ, ಇಷ್ಟು ಬಂದರೂ 20ನೇ ತಾರೀಖಿಗೆ ಏನೂ ಇರಲ್ಲ. ಎಲ್ಲಿ ಹೋಗ್ತಿದೆ ಅಂತಾನೇ ಗೊತ್ತಾಗ್ತಿಲ್ಲ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಬೈಯುವ ಹೊತ್ತಲ್ಲ ಅದು. ಕಾಫಿ ಮಾಡಿ ಕೊಟ್ಟು, ಅವಳ ಫೋನು ಮತ್ತು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು ಇಬ್ಬರೂ ಊಟದ ಮೇಜಿನ ಮುಂದೆ ಕೂತೆವು.

ಒಂದೇ ತಿಂಗಳ ಯುಪಿಐ ಲೆಕ್ಕ ತೆಗೆದು ಒಂದೊಂದಾಗಿ ಬರೆದೆವು. ಬಾಡಿಗೆ, ಕಾರಿನ ಕಂತು, ಹಾಲು, ಇವೆಲ್ಲ ಅವಳಿಗೆ ಗೊತ್ತಿದ್ದ ಖರ್ಚುಗಳೇ. ಆಮೇಲೆ ಸಣ್ಣವು ಶುರುವಾದವು. ಸಂಜೆ ಆರೂವರೆಗೆ ಕೊತ್ತಂಬರಿ ಸೊಪ್ಪು ಬೇಕು ಅಂತ ಆರ್ಡರ್ ಮಾಡಿದ್ದಾಳೆ. ಬರೀ ಸೊಪ್ಪು ತರಿಸೋಕೆ ಆಗಲ್ಲ ಅಂತ ಜೊತೆಗೆ ಬಿಸ್ಕತ್ತು, ಚಿಪ್ಸು, ಒಂದು ಜ್ಯೂಸು. ಬಿಲ್ಲು 260. ಇಂಥವು ಆ ತಿಂಗಳಲ್ಲಿ 47 ಇದ್ದವು. ಕೂಡಿದರೆ 9,860 ರೂಪಾಯಿ. ಅವಳು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟಳು.

ನಾನು ಅದನ್ನೆಲ್ಲ ಬಿಡು ಅನ್ನಲಿಲ್ಲ. ಆಫೀಸಿಂದ ಸುಸ್ತಾಗಿ ಬಂದವಳು ಮತ್ತೆ ಮಾರ್ಕೆಟ್ಟಿಗೆ ಹೋಗಲಿ ಅನ್ನುವುದು ನ್ಯಾಯ ಅಲ್ಲ. ವಾರಕ್ಕೆ ಎರಡು ದಿನ ಮಾತ್ರ ಆರ್ಡರ್ ಅಂತ ಇಟ್ಟುಕೋ, ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸು, ಬೇಕಾದ್ದು ನೆನಪಾದಾಗಲೆಲ್ಲ ಅದರಲ್ಲಿ ಬರಿ ಅಂದೆ. ಅಷ್ಟರಲ್ಲೇ ಮುಂದಿನ ತಿಂಗಳು ಅದು 4,000ಕ್ಕೆ ಇಳಿಯಿತು.

ಆದರೆ ಅವಳ ನಿಜವಾದ ತೂತು ಅದಲ್ಲ. ಸಣ್ಣ ಖರ್ಚಿನ ಮೇಲೆ ಎಲ್ಲರೂ ಕಣ್ಣಿಡುತ್ತಾರೆ, ವರ್ಷಕ್ಕೊಮ್ಮೆ ಬರುವ ಖರ್ಚನ್ನು ಯಾರೂ ಬರೆದಿಡುವುದಿಲ್ಲ. ಮಗುವಿನ ಶಾಲೆ ಫೀಸು 1,10,000. ಆರೋಗ್ಯ ವಿಮೆ 28,000. ಕಾರಿನ ವಿಮೆ, ಸರ್ವಿಸ್ ಸೇರಿ 24,000. ಯುಗಾದಿ, ಗೌರಿ ಹಬ್ಬ, ದೀಪಾವಳಿಗೆ ಬಟ್ಟೆಬರೆ, ಊರಿಗೆ ಹೋಗಿಬರುವುದು 30,000. ಮದುವೆ, ಗೃಹಪ್ರವೇಶ, ನಾಮಕರಣದ ಮುಯ್ಯಿ 24,000. ಒಟ್ಟು 2,16,000. ತಿಂಗಳಿಗೆ ಹಂಚಿದರೆ 18,000 ಆಯಿತು. ಅಂದರೆ ಅವರ ಸಂಬಳ 1,35,000 ಅಲ್ಲ, 1,17,000. ಇದು ಗೊತ್ತಿಲ್ಲದೇ ಪ್ರತಿ ಮೇ ತಿಂಗಳಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜುತ್ತಿದ್ದರು, ಆ ಬಾಕಿ ತೀರುವಷ್ಟರಲ್ಲಿ ಗಣೇಶ ಬಂದಿರುತ್ತಿದ್ದ.

ಇದಕ್ಕೆ ನಮ್ಮ ಮನೆಯಲ್ಲಿ ಮೊದಲಿಂದಲೂ ಒಂದು ಬೇರೆ ಖಾತೆ ಇದೆ. 'ವರ್ಷದ ಡಬ್ಬಿ' ಅನ್ನುತ್ತೇವೆ. ಮೊದಲು ನಿಜವಾಗಿಯೂ ಹಾರ್ಲಿಕ್ಸ್ ಡಬ್ಬಿಯೇ ಆಗಿತ್ತು, ಆಮೇಲೆ ಬ್ಯಾಂಕಿಗೆ ಹೋಯಿತು. ಸಂಬಳ ಬಂದ ದಿನ ಈ ವರ್ಷದ ಖರ್ಚುಗಳ ಹನ್ನೆರಡನೇ ಒಂದು ಭಾಗ ಅದಕ್ಕೆ ಹೋಗಬೇಕು. ಆ ಖಾತೆಗೆ ಎಟಿಎಂ ಕಾರ್ಡು ಬೇಡ, ಫೋನಿಗೆ ಜೋಡಿಸುವುದೂ ಬೇಡ. ಮನೆ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ ಅಲ್ವಾ, ಡಬ್ಬಿಯಲ್ಲಿ ದುಡ್ಡಿದ್ದವರಿಗೆ ಅಂಥ ರಿಯಾಯಿತಿ ಪ್ರತಿ ವರ್ಷ ಸಿಗುತ್ತದೆ.

ಇನ್ನು ಆ ಮೊದಲ ಹಿಡಿ. ಅವಳಿಗೆ ಒಂದು ಲೆಕ್ಕ ತೋರಿಸಿದೆ. ಬಾಡಿಗೆ, ಶಾಲೆ ಬಿಟ್ಟು ಅವರ ಮನೆ ನಡೆಯೋಕೆ ಈಗ 40,000 ಬೇಕು. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷಕ್ಕೆ ಖರ್ಚು ಎರಡರಷ್ಟಾಗುತ್ತದೆ. ಎಷ್ಟು ವರ್ಷಕ್ಕೆ ಎರಡರಷ್ಟು ಅಂತ ತಿಳಿಯೋಕೆ 72ನ್ನು ಆ ದರದಿಂದ, ಅಂದರೆ 6ರಿಂದ ಭಾಗಿಸಿ, 12 ಬರುತ್ತದೆ, ನೆನಪಿಡಲು ಸುಲಭ. ಅವಳ 48ನೇ ವಯಸ್ಸಿಗೆ 80,000. 60ಕ್ಕೆ 1,60,000. ಅದೇ ಅನ್ನ, ಅದೇ ಸಾರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರು ಅಂದದ್ದು ಇದನ್ನೇ. ಕುಡಿಕೆಯಲ್ಲಿಟ್ಟ ಹೊನ್ನು ಬೆಳೆಯುವುದಿಲ್ಲ, ಖರ್ಚು ಬೆಳೆಯುತ್ತಲೇ ಇರುತ್ತದೆ.

ಗಾಬರಿ ಮಾಡಿಸುವುದಕ್ಕಲ್ಲ ಇದನ್ನು ಹೇಳಿದ್ದು. ಅವಳ ಕೈಯಲ್ಲಿ 24 ವರ್ಷ ಇದೆ. ನಮಗೆ ಬುದ್ಧಿ ಬಂದಾಗ ಅಷ್ಟು ಇರಲಿಲ್ಲ.

ಪಿಪಿಎಫ್ ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ. ಅದರ ಖಾತೆ ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1,50,000. ಅವಧಿ 15 ವರ್ಷ, ಆಮೇಲೆ ಐದೈದು ವರ್ಷ ಮುಂದುವರಿಸಬಹುದು. 2020ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 7.1ಕ್ಕೆ ಇಳಿಯಿತು. ಇದೇ ದರದಲ್ಲಿ ತಿಂಗಳಿಗೆ 5,000 ಹಾಕಿದರೆ 15 ವರ್ಷಕ್ಕೆ ನಮ್ಮ ಕೈಯಿಂದ 9 ಲಕ್ಷ ಹೋಗಿರುತ್ತದೆ, ಬರುವುದು ಸುಮಾರು 15 ಲಕ್ಷ 75 ಸಾವಿರ. ಒಂದು ಸಣ್ಣ ವಿಷಯ ಗಮನದಲ್ಲಿರಲಿ. ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಹಾಕಬೇಕು. 5ರಿಂದ ತಿಂಗಳ ಕೊನೆಯವರೆಗೆ ಇರುವ ಕನಿಷ್ಠ ಮೊತ್ತಕ್ಕೆ ಮಾತ್ರ ಬಡ್ಡಿ ಲೆಕ್ಕ ಹಾಕುತ್ತಾರೆ. 6ಕ್ಕೆ ಹಾಕಿದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ.

ಪಿಎಫ್, ಅಂದರೆ ಕಂಪನಿಯವರು ಸಂಬಳದಲ್ಲಿ ಹಿಡಿದು ಕಟ್ಟುವ ಭವಿಷ್ಯ ನಿಧಿಯ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ಯಾರೂ ಮಾಡಬೇಡಿ. 1998ರಲ್ಲಿ ನಮ್ಮವರು ಕೆಲಸ ಬದಲಿಸಿದರು. ಹಳೇ ಕಂಪನಿಯ ಪಿಎಫ್ ಸುಮಾರು 1,10,000 ಇತ್ತು. ಹೊಸ ಕಡೆಗೆ ವರ್ಗಾಯಿಸಿ ಅಂದರು, ಅರ್ಜಿ, ಓಡಾಟ ಅಂತ ಬೇಸರವಾಗಿ ಪೂರ್ತಿ ವಾಪಸ್ ತೆಗೆದೆವು. ಪಿಂಚಣಿಯ ಭಾಗವನ್ನೂ ತೆಗೆದೆವು. ಒಂದು ಸ್ಕೂಟರ್ ಬಂತು, ಬಣ್ಣದ ಟಿವಿ ಬಂತು, ನಾದಿನಿ ಮದುವೆಗೆ ಒಂದಷ್ಟು ಹೋಯಿತು. ಆಗ ಪಿಎಫ್ ಬಡ್ಡಿ ಶೇ 12. ನಂತರ ಇಳಿಯಿತು ನಿಜ, ಆದರೂ ಅಲ್ಲೇ ಬಿಟ್ಟಿದ್ದರೆ 2014ರ ಹೊತ್ತಿಗೆ ನಾಲ್ಕು ಪಟ್ಟು ದಾಟುತ್ತಿತ್ತು. ಪಿಂಚಣಿಯದು ಇನ್ನೂ ನೋವು. ಪಿಎಫ್ ಪಿಂಚಣಿಯ ಸೂತ್ರ ಹೀಗೆ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ನಮಗೆ ಲೆಕ್ಕಕ್ಕೆ ಸಿಕ್ಕಿದ್ದು ಹೊಸ ಕಂಪನಿಯ 15 ವರ್ಷ ಮಾತ್ರ, ಆಗಿನ ಸಂಬಳದ ಮಿತಿ 6,500. ಬಂದದ್ದು ತಿಂಗಳಿಗೆ 1,393 ರೂಪಾಯಿ. ಈಗ ಬಿಪಿ ಮಾತ್ರೆಗೇ ಅದು ಸಾಲದು. ಮಿತಿ ಈಗ 15,000 ಆಗಿದೆ, ಯಾವ ಕಂಪನಿಗೆ ಹೋದರೂ ಪಿಎಫ್ ಸಂಖ್ಯೆ ಒಂದೇ ಇರುವುದರಿಂದ ವರ್ಗಾವಣೆಯೂ ಫೋನಿನಲ್ಲೇ ಆಗುತ್ತದೆ. ಕೆಲಸ ಬದಲಿಸುವ ಮಕ್ಕಳೇ, ಆ ದುಡ್ಡನ್ನು ಮುಟ್ಟಬೇಡಿ.

ಮನೆಗೆಲಸ, ಹೊಲಿಗೆ, ಹೂವಿನ ವ್ಯಾಪಾರ ಮಾಡುವವರಿಗೆ ಪಿಎಫ್ ಎಲ್ಲಿಂದ ಬರಬೇಕು? ಆದಾಯ ತೆರಿಗೆ ಕಟ್ಟದ, 18ರಿಂದ 40 ವರ್ಷದವರು ಅಟಲ್ ಪಿಂಚಣಿ ಯೋಜನೆಗೆ ಸೇರಬಹುದು. 35ನೇ ವಯಸ್ಸಿಗೆ ಸೇರಿ ತಿಂಗಳಿಗೆ 902 ಕಟ್ಟಿದರೆ 60ರ ನಂತರ ತಿಂಗಳಿಗೆ 5,000 ಬರುತ್ತದೆ. ನಮ್ಮ ಮನೆ ಕೆಲಸಕ್ಕೆ ಬರುವಾಕೆ ಗೃಹಲಕ್ಷ್ಮಿಯ 2,000ದಲ್ಲಿ ಇದನ್ನು ಕಟ್ಟುತ್ತಾಳೆ, ಇನ್ನೊಂದು 500 ಅಂಚೆ ಕಚೇರಿಯ ಆರ್‌ಡಿಗೆ ಹಾಕುತ್ತಾಳೆ. ಅವಳನ್ನು ನೋಡಿದರೆ ನನಗೆ ಅಮ್ಮನ ನೆನಪಾಗುತ್ತದೆ.

ನಿವೃತ್ತಿಯ ದಿನ ದೊಡ್ಡ ಮೊತ್ತ ಒಟ್ಟಿಗೆ ಬರುತ್ತದೆ. ಅದು ಬಂತು ಅಂತ ಊರಿಗೆಲ್ಲ ಗೊತ್ತಾಗಿರುತ್ತದೆ. ಸೈಟು ಅನ್ನುವವರು, ಕೈಸಾಲ ಕೇಳುವವರು, ಚೀಟಿ ಹಾಕಿ ಅನ್ನುವವರು ಬರುತ್ತಾರೆ. ಆರು ತಿಂಗಳು ಯಾರಿಗೂ ಹೂಂ ಅನ್ನಬೇಡಿ. ಅಂಚೆ ಕಚೇರಿ, ಬ್ಯಾಂಕುಗಳ ಹಿರಿಯ ನಾಗರಿಕರ ಉಳಿತಾಯ ಯೋಜನೆ ನಮ್ಮಂಥವರಿಗೆಂದೇ ಇದೆ. ಒಬ್ಬರು 30 ಲಕ್ಷದವರೆಗೆ ಇಡಬಹುದು, 2023ರ ಏಪ್ರಿಲ್‌ನಿಂದ ಶೇ 8.2 ಬಡ್ಡಿ, ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. 10 ಲಕ್ಷಕ್ಕೆ 20,500. 55ರಿಂದ 60ರೊಳಗೆ ನಿವೃತ್ತರಾದವರೂ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಹಾಕಬಹುದು, ಆ ಗಡುವು ಮರೆಯಬೇಡಿ. ನಾವು 2014ರಲ್ಲಿ ಹಾಕಿದಾಗ ಬಡ್ಡಿ ಶೇ 9.2 ಇತ್ತು. ನಡುವೆ 7.4ಕ್ಕೂ ಇಳಿದಿತ್ತು. ನೀವು ಹಾಕಿದ ದಿನದ ದರ ಐದು ವರ್ಷ ಬದಲಾಗುವುದಿಲ್ಲ, ಆಮೇಲೆ ಮಾತ್ರ ಹೊಸ ದರ. ಆದ್ದರಿಂದ ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡದೇ ಸ್ವಲ್ಪ ಮತ್ತೆ ಇಡಿ.

ಜಾಸ್ತಿ ಬಡ್ಡಿ ಅಂತ ಹೋಗಿ ಕಷ್ಟಪಟ್ಟವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಎದುರುಮನೆಯವರು ಗಂಡನ ಗ್ರಾಚ್ಯುಟಿಯನ್ನೆಲ್ಲ ಒಂದು ಸಂಘದಲ್ಲಿ ಇಟ್ಟರು. ಎರಡು ವರ್ಷ ಬಡ್ಡಿ ಸರಿಯಾಗಿ ಬಂತು, ಮೂರನೇ ವರ್ಷ ಬಾಗಿಲಿಗೆ ಬೀಗ ಬಿತ್ತು. ಬ್ಯಾಂಕಿನಲ್ಲಾದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತದೆ, ಸಹಕಾರಿ ಬ್ಯಾಂಕಿಗೂ ಇರುತ್ತದೆ. ಬ್ಯಾಂಕ್ ಅಲ್ಲದ ಪತ್ತಿನ ಸಂಘಗಳಿಗೆ, ಸೌಹಾರ್ದ ಸಂಘಗಳಿಗೆ ಅದು ಇಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಅಂತಿದೆಯಾ, ಸಂಘ ಅಂತಿದೆಯಾ ನೋಡಿಕೊಂಡೇ ಒಳಗೆ ಹೋಗಿ.

ಒಡವೆಯನ್ನು ನಿವೃತ್ತಿಯ ಉಳಿತಾಯ ಅಂತ ಎಣಿಸಬೇಡಿ. ಮಜೂರಿ, ವೇಸ್ಟೇಜ್ ಅಂತ ಕೊಂಡ ದಿನವೇ ಒಂದು ಪಾಲು ಹೋಗಿರುತ್ತದೆ, ಮಾರುವ ಮನಸ್ಸೂ ನಮಗೆ ಬರುವುದಿಲ್ಲ.

ಆರೋಗ್ಯ ವಿಮೆಯನ್ನು ಮಾತ್ರ ನಿವೃತ್ತಿಯವರೆಗೆ ಮುಂದೂಡಬೇಡಿ. ಕಂಪನಿ ಕೊಡುವ ವಿಮೆ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಮೊದಲೇ ಇರುವ ಕಾಯಿಲೆಗೆ ಪಾಲಿಸಿ ತೆಗೆದ ಮೇಲೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. 50ರ ಆಸುಪಾಸಿನಲ್ಲೇ ಸ್ವಂತದ್ದು ಮಾಡಿಸಿದರೆ ಆ ಕಾಯುವಿಕೆ ಕೆಲಸದಲ್ಲಿರುವಾಗಲೇ ಕಳೆದುಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಇದೆ ಅಂತಲೇ ಬರೆಯಿರಿ.

ಕೊನೆಯದಾಗಿ ಹೆಣ್ಣುಮಕ್ಕಳಿಗೆ ಒಂದು ಮಾತು. ನನ್ನ ಗೆಳತಿಯೊಬ್ಬಳಿಗೆ ಗಂಡ ಹೋದ ಮೇಲೆ ಯಾವ ಬ್ಯಾಂಕಿನಲ್ಲಿ ಏನಿದೆ ಅಂತ ಹುಡುಕುವುದಕ್ಕೇ ಹತ್ತು ತಿಂಗಳು ಬೇಕಾಯಿತು. ಒಂದು ಠೇವಣಿಗೆ ನಾಮಿನಿಯಾಗಿ ಇದ್ದದ್ದು ಎಂದೋ ತೀರಿಹೋದ ಅವಳ ಅತ್ತೆಯ ಹೆಸರು. ಆ ವಾರವೇ ನಾನೂ ನಮ್ಮವರೂ ನಮ್ಮ ಎಲ್ಲ ಪಾಸ್‌ಬುಕ್ ಹರಡಿಕೊಂಡು ಕೂತು, ಖಾತೆ, ಪಾಲಿಸಿ, ಠೇವಣಿ ಮುಗಿಯುವ ದಿನ, ನಾಮಿನಿ, ಎಲ್ಲ ಒಂದೇ ಪುಟದಲ್ಲಿ ಬರೆದೆವು. ಈಗ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಅದನ್ನೂ ಸರಿಪಡಿಸಿಕೊಂಡೆವು. ಪ್ರತಿ ಯುಗಾದಿಗೆ ಆ ಪುಟವನ್ನು ಹೊಸದಾಗಿ ಬರೆಯುತ್ತೇನೆ. ದೇವರ ಮನೆಯ ಕಪಾಟಿನಲ್ಲಿ, ಪಂಚಾಂಗದ ಕೆಳಗೆ ಹಸಿರು ಫೈಲಿನಲ್ಲಿದೆ. ಮಗನಿಗೂ ಸೊಸೆಗೂ ಕರೆದು ತೋರಿಸಿದ್ದೇನೆ.